ಚೂಡತ್ತೆಯ ನಲ್ಲಿ

ನಮ್ಮೂರಿನಲ್ಲಿ ಹೆಣ್ಣಿನ ಕಡೆಯವರು ಗಂಡಿಗೆ ಸಂಬಳವೆಷ್ಟು ಎಂದು ಕೇಳುವುದಿಲ್ಲ, ಬಿಪಿ ಎಷ್ಟು ಎಂದು ಕೇಳುತ್ತಾರೆ. "ನೂರಾ ಅರವತ್ತರ ಮೇಲೇ ಇದೆಯಂತೆ, ಮಾತೆತ್ತಿದ್ರೆ ತಟ್ಟೆ ಎಸೀತಾನಂತೆ" ಎಂದು ಯಾರಾದರೂ ಹೇಳಿದರೆ ಸಾಕು, ಹುಡುಗಿಯ ತಾಯಿಯ ಮುಖ ಅರಳುತ್ತದೆ. ಮಗಳ ಮನೆಯ ಎರಡನೇ ಮಹಡಿಯ ಬಚ್ಚಲಿಗೂ ನೀರು ಹತ್ತಿತು ಎಂದೇ ಲೆಕ್ಕ. ನಮ್ಮೂರಿನ ನಲ್ಲಿಗಳು ತಿರುಗಿಸಿದ ತಕ್ಷಣ ಸುರಿಯುವ ಜಾತಿಯವಲ್ಲ. ಹಿಡಿದವರ ರಕ್ತ ಎಷ್ಟು ಒತ್ತಿಕೊಂಡು ಹರಿಯುತ್ತದೋ ನೀರೂ ಅಷ್ಟೇ ಎತ್ತರಕ್ಕೆ ಏರುತ್ತದೆ. ಶಾಂತ ಸ್ವಭಾವದವರು ಹಿಡಿದರೆ ಕೊಳವೆಯೊಳಗೆ ಯಾರೋ ಆಕಳಿಸಿದಂತೆ ಒಂದು ಸದ್ದಾಗಿ ಸುಮ್ಮನಾಗುತ್ತದೆ.

ಹಾಗಾಗಿ ಬೆಳಗಾದರೆ ಪ್ರತಿ ಮನೆಯಲ್ಲೂ ಒಬ್ಬ ಸಿಡುಕ ನಲ್ಲಿಯ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಾನೆ. ಉಳಿದವರು ಅವನ ಕನ್ನಡಕ ಬಚ್ಚಿಡುತ್ತಾರೆ, ಪೇಪರಿನ ಹಾಳೆಗಳನ್ನು ಕಲಸಿಡುತ್ತಾರೆ, ಪಕ್ಕದ ಮನೆಯವನ ಹೊಸ ಕಾರಿನ ಬಣ್ಣ ಎಷ್ಟು ಚೆಂದ ಎಂದು ಮಾತಾಡಿಕೊಳ್ಳುತ್ತಾರೆ. ಬೀದಿಯಲ್ಲಿ ಮೊದಲು ಬೈಗುಳ ಕೇಳಿಸುತ್ತದೆ, ಆಮೇಲೆ ಬಿಂದಿಗೆ ತುಂಬುವ ಸದ್ದು. ಉಪ್ಪಿನಕಾಯಿ ಅಂಗಡಿಗೆ ಪುರಸಭೆಯ ಸಹಾಯಧನವಿದೆ. ಬಿಪಿ ಇಳಿಸುವ ಮಾತ್ರೆ ಮಾರುವುದು ಕಳ್ಳಭಟ್ಟಿ ಮಾರಿದಷ್ಟೇ ಅಪಮಾನದ ಕೆಲಸ. ಒಮ್ಮೆ ಯೋಗ ಕಲಿಸುವವನೊಬ್ಬ ಬಂದು ಬೋರ್ಡು ಹಾಕಿದ್ದ. ಅವನನ್ನು ಊರಾಚೆ ಬಿಟ್ಟುಬರಲು ಹೋದವರ ಸಿಟ್ಟಿನಿಂದಲೇ ಆ ದಿನ ಮೂರು ಬೀದಿಗೆ ನೀರಾಯಿತು.

ಇಂಥ ಊರಿಗೆ ನಾನು, ಸೇತುರಾಮ, ಒಂದು ಕಳಂಕ. ನನ್ನ ಕೈಗೆ ಒಂದು ತೊಟ್ಟು ನೀರು ಬಂದದ್ದಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿಕೊಂಡು ಹೋದ ಸಂದರ್ಶನಗಳಲ್ಲೆಲ್ಲ ನನ್ನೆದುರಿಗೇ ಯಾರದೋ ಭಾವಮೈದುನನಿಗೆ ಕೆಲಸ ಕೊಟ್ಟಾಗಲೂ ನನ್ನ ರಕ್ತ ಸರ್ಕಾರಿ ಕಡತದ ಹಾಗೆ ಮೆಲ್ಲಗೆ ಚಲಿಸುತ್ತಿತ್ತು. ಆದರೆ ನನಗೊಂದು ವಿದ್ಯೆ ಒಲಿದಿತ್ತು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಅವರಿಗಿಂತ ಚೆನ್ನಾಗಿ ಅವರ ಹಾಗೆ ಮಾತಾಡುತ್ತಿದ್ದೆ. ನಾನು ಸ್ವತಃ ಕೊತಕೊತ ಕುದಿಯಲಾರೆ, ಆದರೆ ಒಳ್ಳೆಯ ಸೌದೆ.

ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವಳು ಸೋದರತ್ತೆ ಚೂಡಾಮಣಿ. ಊರಿಗೆಲ್ಲ ಆಕೆ ಟ್ಯಾಂಕಮ್ಮ. ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿಗೆ ಹೋಗುವ ಕೊಳವೆ ನಮ್ಮ ಹಿತ್ತಲಿನಿಂದಲೇ ಹೊರಡುತ್ತದೆ. ಅದರ ಹಿತ್ತಾಳೆ ನಲ್ಲಿಯನ್ನು ಹಿಡಿದು ಅಷ್ಟೆತ್ತರಕ್ಕೆ ನೀರೇರಿಸುವ ತಾಕತ್ತು ಇಡೀ ಊರಿನಲ್ಲಿ ಚೂಡತ್ತೆಗೆ ಮಾತ್ರ ಇತ್ತು. ಆಸ್ಪತ್ರೆ, ಹೈಸ್ಕೂಲು, ಮೇಲಿನ ಬೀದಿಗಳು, ಎಲ್ಲವೂ ಅವಳ ಸಿಟ್ಟಿನ ನೀರನ್ನೇ ಕುಡಿಯುತ್ತಿದ್ದವು. ವರ್ಷಕ್ಕೊಮ್ಮೆ ಪುರಸಭೆಯವರು ಬಂದು ಶಾಲು ಹೊದಿಸುತ್ತಿದ್ದರು. "ಈ ಸೆಕೇಲಿ ಶಾಲು ಯಾರಿಗ್ ಬೇಕ್ರೋ!" ಎಂದು ಆಕೆ ರೇಗಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಅತ್ತೆಯ ಸಿಟ್ಟಿಗೆ ಮೂಲಧನ ನಂಜುಂಡಯ್ಯ ಮಾವ. ಹೆಸರಿಗೆ ನಂಜುಂಡಯ್ಯ, ಆದರೆ ಊಟವಾದ ಮೇಲೆ ನಂಜು ಕಕ್ಕುವ ಮನುಷ್ಯ. ಬೆಳಗ್ಗೆ ಅತ್ತೆ ನಲ್ಲಿ ಹಿಡಿದು ಕೂತರೆ ಮಾವ ಅಡುಗೆಮನೆಯ ಬಾಗಿಲ ಹಿಂದೆ ಮಣೆ ಹಾಕಿಕೊಂಡು ಶುರುಮಾಡುತ್ತಿದ್ದರು. "ಇದೇನು ಕಾಫಿನೋ ಕಲಗಚ್ಚೋ?" ಅತ್ತೆ ಬಿಡುತ್ತಿರಲಿಲ್ಲ. "ಕಲಗಚ್ಚು ಕುಡಿಯೋರಿಗೇ ಅದರ ರುಚಿ ಗೊತ್ತು!" ಅಲ್ಲಿಂದ ಸಾರು, ಸಾರಿನಿಂದ ಅವಳ ತವರು, ತವರಿನಿಂದ ಅವರ ಅಮ್ಮ. ಗುಡ್ಡದ ಮೇಲೆ ಟ್ಯಾಂಕು ತುಂಬಿ ತುಳುಕುತ್ತಿತ್ತು.

ಮಾವ ಹಠಾತ್ತನೆ ತೀರಿಕೊಂಡಾಗ ಊರು ಕಣ್ಣೀರಿಟ್ಟಿತು, ಒಂದು ಪಾಲು ಮಾವನಿಗಾಗಿ, ಮೂರು ಪಾಲು ನೀರಿಗಾಗಿ. ಪುರಸಭಾಧ್ಯಕ್ಷ ಪುಟ್ಟಮಾದಪ್ಪನವರು ವೈಕುಂಠ ಸಮಾರಾಧನೆಯ ಊಟ ಮುಗಿಸಿ, ಕೈ ತೊಳೆಯುತ್ತ, ನನ್ನನ್ನು ಪಕ್ಕಕ್ಕೆ ಕರೆದರು.

"ಸೇತ್ರಾಮು, ನಿಮ್ ಮಾವ್ನೋರು ಹೋದ್ರು. ಅದ್ಕೆ ನಾವೇನ್ ಮಾಡೋಕಾಯ್ತದೆ? ಅವ್ರ ಜೊತೆಗೆ ನೀರೂ ಹೋಗ್ಬೇಕಾ? ನಿನ್ ಗಂಟ್ಲಲ್ಲಿ ಅವ್ರು ಇನ್ನೂ ಇದ್ದಾರಲ್ಲ, ತೆಗಿ ಈಚೆಗೆ!"

ಮರುದಿನ, ಸೂತಕ ಕಳೆದು ಅತ್ತೆ ಮತ್ತೆ ನಲ್ಲಿಗೆ ಕೈ ಹಾಕುವ ಮೊದಲೇ ನಾನು ಬಾಗಿಲ ಹಿಂದೆ ಮಾವನ ಮಣೆಯ ಮೇಲೆ ಕೂತಿದ್ದೆ. "ಇದೇನು ಕಾಫಿನೋ ಕಲಗಚ್ಚೋ?" ಎಂದೆ. ಅತ್ತೆಯ ಬೆನ್ನು ಒಮ್ಮೆ ಸೆಟೆಯಿತು. ತಿರುಗಿ ನೋಡಲಿಲ್ಲ. "ಸತ್ತರೂ ನಾಲಿಗೆ ಚಪಲ ಹೋಗ್ಲಿಲ್ಲ ನೋಡು!" ಎಂದಳು. ಕೊಳವೆ ಗುಡುಗಿತು. ನೀರು ಮಾವನ ಕಾಲಕ್ಕಿಂತ ಜೋರಾಗಿ ಏರಿತು. ಅಲ್ಲಿಂದಾಚೆಗೆ ಅದೇ ಪದ್ಧತಿಯಾಯಿತು. ಅತ್ತೆ ಬಾಗಿಲ ಬಳಿ ಕಾಫಿ ಲೋಟ ಇಡುವುದು, ನಾನು ಬೈಯುವುದು, ಆಕೆ ತಿರುಗಿ ಬೈಯುವುದು. ಶುರುವಿನಲ್ಲಿ ರಭಸವಾಗಿದ್ದ ನೀರು ಜಗಳ ಮುಗಿಯುವ ಹೊತ್ತಿಗೆ ಮೆತ್ತಗಾಗುತ್ತಿತ್ತು. ಟ್ಯಾಂಕು ತುಂಬುತ್ತ ಬಂತೆಂದು ನಾವು ತಿಳಿದುಕೊಳ್ಳುತ್ತಿದ್ದೆವು. ನಾನು ಬೈಯದಿದ್ದರೆ ಏನಾಗುತ್ತದೆ ಎಂದು ಯಾರೂ ನೋಡಹೋಗಲಿಲ್ಲ. ಬರುವ ನೀರನ್ನು ಪರೀಕ್ಷೆಗಾಗಿ ನಿಲ್ಲಿಸುವ ಮೂರ್ಖರು ನಮ್ಮೂರಿನಲ್ಲಿಲ್ಲ.

ಹಾಗಿರುವಾಗ ನಮ್ಮೂರಿಗೆ ಒಂದು ಪ್ರಯೋಗಾಲಯ ಬಂತು. ಅಧಿಕ ರಕ್ತದೊತ್ತಡಕ್ಕೆ ಮೂಲ ಕಾರಣವೇನೆಂದು ಹುಡುಕುವುದು ಅದರ ಕೆಲಸ. ಕಚ್ಚಾ ಮಾಲು ಇಷ್ಟು ಹೇರಳವಾಗಿರುವ ಜಾಗ ಇನ್ನೊಂದಿಲ್ಲ ಎಂದು ಮೇಲಿನವರು ಯೋಚಿಸಿದ್ದಿರಬೇಕು. ಊರವರು ಗಾಬರಿಯಾಗಿ ಸಭೆ ಸೇರಿದರು. ಅಧ್ಯಕ್ಷರು ಸಮಾಧಾನ ಹೇಳಿದರು. "ಅವ್ರು ಕಾರಣ ಹುಡುಕ್ತಾರಂತೆ ಕಣ್ರಯ್ಯ, ವಾಸಿ ಮಾಡ್ತೀವಿ ಅಂದಿಲ್ಲ. ಕಾರಣ ಸಿಕ್ರೆ ಒಳ್ಳೇದೇ ಆಯ್ತು. ಅದ್ನೇ ಇನ್ನೊಂದೀಟು ಬೆಳೆಸ್ಬೋದು!"

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಮೃಣಾಲಿನಿ ಬೆಳವಡಿ. ಬಂದ ಹೊಸದರಲ್ಲಿ ಆಕೆ ಎಷ್ಟು ಸಮಾಧಾನಿಯೆಂದರೆ, ಅವರು ಹಿಡಿದರೆ ಸಿಂಕಿನ ನಲ್ಲಿಗೆ ಒಂದು ಹನಿ ಕಚ್ಚಿಕೊಂಡು ನೇತಾಡುತ್ತಿತ್ತು. ಇಲಿಗಳ ಯೋಗಕ್ಷೇಮಕ್ಕೆ ನನ್ನನ್ನು ನೇಮಿಸಿಕೊಂಡರು. ಒಂದು ಸಾಲಿನ ಪಂಜರದ ಇಲಿಗಳಿಗೆ ಉಪ್ಪು ಹೆಚ್ಚು ಬೆರೆಸಿದ ಆಹಾರ, ಇನ್ನೊಂದು ಸಾಲಿನವಕ್ಕೆ ಸಪ್ಪೆ. ಬಾಲಕ್ಕೆ ಒಂದು ಪುಟ್ಟ ಪಟ್ಟಿ ಸುತ್ತಿ ಒತ್ತಡ ಅಳೆಯಬೇಕು. ಉಪ್ಪು ತಿಂದವು ಏರಬೇಕು, ಸಪ್ಪೆ ತಿಂದವು ಇದ್ದಲ್ಲೇ ಇರಬೇಕು. ಆದರೆ ಎರಡೂ ಸಾಲುಗಳು ಪೈಪೋಟಿಗೆ ಬಿದ್ದಂತೆ ಏರುತ್ತಿದ್ದವು. ಮೇಡಂ ಆಹಾರ ಬದಲಾಯಿಸಿದರು. ಮರದ ಹೊಟ್ಟು ಬದಲಾಯಿಸಿದರು. ದೀಪ, ಪರದೆ, ಕಡೆಗೆ ಇಲಿಗಳನ್ನೇ ಬದಲಾಯಿಸಿದರು. ಹೊಸ ಇಲಿಗಳೂ ಬಂದ ವಾರದಲ್ಲೇ ಊರಿಗೆ ಹೊಂದಿಕೊಂಡವು. ಕಾರಣವೆಲ್ಲಿ ಎಂದು ಕೇಂದ್ರ ಕಚೇರಿಯಿಂದ ಫೋನಿನ ಮೇಲೆ ಫೋನು. ಮೇಲಿನವರ ಒತ್ತಡದಿಂದ ಮೇಡಂ ಒತ್ತಡ ಮೇಲೆ ಹೋಗಿ, ಸಿಂಕಿನಲ್ಲಿ ಈಗ ಕೈ ತೊಳೆಯುವಷ್ಟು ನೀರು ಧಾರಾಳವಾಗಿ ಬರುತ್ತಿತ್ತು.

ಆ ದಿನಗಳಲ್ಲೇ ಒಂದು ಬೆಳಗ್ಗೆ ನಲ್ಲಿ ಹಿಡಿದಿದ್ದ ಅತ್ತೆಯ ಮೂಗಿನಿಂದ ರಕ್ತ ಸುರಿಯಿತು. ಸೆರಗಿನಿಂದ ಒರೆಸಿಕೊಂಡು, "ಉಷ್ಣ ಕಣೋ" ಎಂದಳು. ನಾನು ಒತ್ತಾಯ ಮಾಡಿ ಮೇಡಂ ಹತ್ತಿರ ಕರೆದೊಯ್ದೆ. ಅವರು ತೋಳಿಗೆ ಪಟ್ಟಿ ಕಟ್ಟಿ ಅಳೆದರು, ಇನ್ನೊಮ್ಮೆ ಅಳೆದರು. ಅತ್ತೆಯನ್ನು ಹೊರಗೆ ಕೂರಿಸಿ ನನಗೆ ಹೇಳಿದರು. "ಸೇತುರಾಮ್, ಇದು ಶಾಲು ಹೊದಿಸೋ ವಿಷಯ ಅಲ್ಲ. ಹೀಗೇ ಬಿಟ್ಟರೆ ತಲೆಯೊಳಗೆ ರಕ್ತನಾಳ ಒಡೆಯುತ್ತೆ. ಇವತ್ತೋ, ಮುಂದಿನ ತಿಂಗಳೋ, ನನಗೆ ಗೊತ್ತಿಲ್ಲ."

ಮೇಡಂ ಕೊಟ್ಟ ಮಾತ್ರೆಗಳನ್ನು ಅತ್ತೆ ನನ್ನೆದುರಿಗೆ ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ತುಳಸಿಕಟ್ಟೆಗೆ ಉಗುಳುತ್ತಿದ್ದಳು. ತುಳಸಿ ಜೋತುಬಿದ್ದು ಮಲಗಿದ ಮೇಲೆ ನನಗೆ ತಿಳಿಯಿತು. ಕೇಳಿದ್ದಕ್ಕೆ ನನಗೇ ದಬಾಯಿಸಿದಳು. "ಆಸ್ಪತ್ರೇಲಿ ಬಾಣಂತಿಯರಿದ್ದಾರೆ. ಅವರಿಗೆ ನೀರು ನಿಮ್ಮ ಇಲಿ ಹೊತ್ಕೊಂಡ್ ಹೋಗುತ್ತಾ?"

ಆಮೇಲಿನ ಸೋಮವಾರ ಪಂಜರ ಶುಚಿ ಮಾಡುತ್ತಿದ್ದೆ. ಏಕಾಂತದಲ್ಲಿ ಕೆಲಸ ಮಾಡುವಾಗ ಅಭ್ಯಾಸ ಮಾಡಿಕೊಳ್ಳುವುದು ನನ್ನ ರೂಢಿ. ಆ ದಿನದ ಐಟಂ, ಚುನಾವಣೆಗೆ ನಿಂತ ಬೆಕ್ಕು, ಅಧ್ಯಕ್ಷ ಪುಟ್ಟಮಾದಪ್ಪನವರ ಧಾಟಿಯಲ್ಲಿ. "ಮಾನ್ಯ ಮೂಷಿಕ ಬಾಂಧವರೇ, ಮ್ಯಾಂವ್! ಕಳೆದ್ ಸಲ ನೀವೆಲ್ಲ ನಿಮ್ ಅಮೂಲ್ಯವಾದ ತಲೆ ಕೊಟ್ ಆಶೀರ್ವಾದ ಮಾಡಿದ್ರಿ. ಈ ಸಲ ಬಾಲಾನೂ ಕೊಡ್ಬೇಕು, ಮಿಯ್ಯಾಂವ್!" ಎಂದು ಕೈ ಮುಗಿದು ತಿರುಗಿದರೆ ಬಾಗಿಲಲ್ಲಿ ಮೇಡಂ ನಿಂತಿದ್ದರು. ಉಪ್ಪಿನ ಸಾಲು, ಸಪ್ಪೆ ಸಾಲು ಎಂಬ ಭೇದವಿಲ್ಲದೆ ಎಲ್ಲ ಇಲಿಗಳೂ ಪಂಜರದ ಮೂಲೆಗೆ ಅಂಟಿಕೊಂಡು ಗಡಗಡ ನಡುಗುತ್ತಿದ್ದವು.

"ಸಿಕ್ಕಿತು," ಅಂದರು ಮೇಡಂ, ತಣ್ಣಗೆ. "ಇಷ್ಟು ವರ್ಷ ಹುಡುಕಿದ ಕಾರಣ ಸಿಕ್ಕಿತು. ಕಾರಣ ಕನ್ನಡಕ ಹಾಕಿಕೊಂಡಿದೆ. ಕಾರಣ ದಿನಾ ಹಾಜರಿ ಹಾಕಿ ನನ್ನಿಂದಲೇ ಸಂಬಳ ತಗೋತಿದೆ!"

ಸಿಂಕಿನ ನಲ್ಲಿಯನ್ನು ಅವರು ಮುಟ್ಟಿಯೂ ಇರಲಿಲ್ಲ. ಅದು ತಾನಾಗಿ ಎರಡು ಸಲ ಉಗುಳಿತು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬಾಯಿಗೆ ಮಾತ್ರ ರಜೆ ಕೊಟ್ಟರು. ಸಪ್ಪೆ ಸಾಲು ಇಳಿಯಿತು. ಉಪ್ಪಿನ ಸಾಲು ಶಾಸ್ತ್ರಪ್ರಕಾರ ಏರಿಯೇ ನಿಂತಿತು. ಮೇಡಂ ಮುಖದಲ್ಲಿ ನಗು ಬಂದು ಸಿಂಕು ಮತ್ತೆ ಒಣಗಿತು. ಆ ನಗುವಿನಲ್ಲೇ ಅವರು ಕೇಳಿದರು. "ನಿಮ್ಮತ್ತೆ ನಲ್ಲಿ ಹಿಡಿದಾಗ ನೀವು ಮನೇಲಿ ಏನು ಮಾಡ್ತೀರಿ?" ನಾನು ಹೇಳಿದೆ. ಅವರ ನಗು ನಿಂತಿತು. "ಅಂದರೆ ಇಲಿಗಳಿಗೆ ಬೆಕ್ಕು, ಅತ್ತೆಗೆ ಗಂಡ. ನಿಲ್ಲಿಸಿಬಿಡಿ ಸೇತುರಾಮ್. ಆಕೆ ಬದುಕಬೇಕು ಅಂದರೆ ನಾಳೆಯಿಂದಲೇ ನಿಲ್ಲಿಸಿ."

ವಿಷಯ ಅಧ್ಯಕ್ಷರ ಕಿವಿಗೆ ಬಿತ್ತು. "ನೀರ್ ನಿಂತ್ರೆ ನಿನ್ ಬಾಯ್ಗೇ ನಲ್ಲಿ ಜಡಿಸ್ತೀನಿ" ಎಂದು ಹೇಳಿಕಳಿಸಿದರು. ನಾನು ಜಗ್ಗಲಿಲ್ಲ. ನನ್ನ ರಕ್ತ ಮಂದವಾದದ್ದರಿಂದ ಬೆದರಿಕೆ ತಲೆಗೆ ತಲುಪುವುದು ನಿಧಾನ.

ಮರುದಿನ ಬೆಳಗ್ಗೆ ನಾನು ಮಣೆಯ ಮೇಲೆ ಬಾಯಿಗೆ ಟವೆಲು ಒತ್ತಿಕೊಂಡು ಕೂತೆ. ಅತ್ತೆ ಕಾಫಿ ಲೋಟ ಬಾಗಿಲ ಬಳಿ ಇಟ್ಟು ಹೋಗಿ ನಲ್ಲಿ ಹಿಡಿದಳು. ಸ್ವಲ್ಪ ಹೊತ್ತು ಕಾದಳು.

"ಕಾಫಿ ಇಟ್ಟಿದೀನಿ" ಎಂದಳು, ತಿರುಗದೆ.

ನಾನು ಉಸಿರೆತ್ತಲಿಲ್ಲ.

"ಆರ್ತಾ ಇದೆ."

ಹಾಲಿನ ಕೆನೆ ಲೋಟದ ಮೇಲೆ ಸುಕ್ಕುಗಟ್ಟಿತು. ಇನ್ನು ನೀರು ಇಳಿಯುತ್ತದೆ, ಅತ್ತೆ ಉಳಿಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಕೊಳವೆ ಮೊದಲು ಗುನುಗಿತು, ಆಮೇಲೆ ನರಳಿತು, ಆಮೇಲೆ ಹಿತ್ತಲ ಗೋಡೆಯೇ ಅದುರುವ ಹಾಗೆ ಮೊರೆಯಿತು. ಗುಡ್ಡದ ಟ್ಯಾಂಕಿನ ಮುಚ್ಚಳ ಹಾರಿ ಆಸ್ಪತ್ರೆಯ ಅಂಗಳದಲ್ಲಿ ಬಿತ್ತು. ಮೇಲಿನ ಬೀದಿಗಳಲ್ಲಿ ಯಾರೂ ಮುಟ್ಟದ ನಲ್ಲಿಗಳು ಕಿತ್ತುಕೊಂಡು ಬಂದವು. ಅತ್ತೆ ಮಾತ್ರ ಕಲ್ಲಿನ ಹಾಗೆ ಕೂತಿದ್ದಳು. ಮೂಗಿನಿಂದ ಇಳಿದ ರಕ್ತ ತುಟಿ ದಾಟಿ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

ನಾನು ಹಾರಿ ಬಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿದ ಮೇಲೂ ನೀರು ನಿಲ್ಲಲಿಲ್ಲ. ಇದೇನು ಎಂದು ನೋಡಿದರೆ ಈಗ ನಲ್ಲಿಯ ಮೇಲಿದ್ದದ್ದು ನನ್ನ ಕೈ.

ಮೇಡಂ ಉಪಕರಣ ಹಿಡಿದುಕೊಂಡು ಓಡಿಬಂದರು. ಅವರ ಹಿಂದೆ ಅಧ್ಯಕ್ಷರು, ಅಧ್ಯಕ್ಷರ ಹಿಂದೆ ಒದ್ದೆಯಾದ ಊರು. ಅತ್ತೆಯನ್ನು ಒರಗಿಸಿ ಪಟ್ಟಿ ಕಟ್ಟಿದರು. ಪಾದರಸ ಏರಿ ಏರಿ ಅಂಕಿಗಳು ಮುಗಿಯುವ ಕಡೆಗೆ ಹೊರಟಿತು. "ಇದು ನನ್ನ ಇಲಿಗಳ ಲೆಕ್ಕಕ್ಕೆ ಬರ್ತಿಲ್ಲ" ಎಂದು ಮೇಡಂ ತಲೆ ಹಿಡಿದುಕೊಂಡರು. ತಟ್ಟನೆ ತಲೆಯೆತ್ತಿ ಎಲ್ಲರನ್ನೂ ಕೇಳಿದರು. "ಆ ದನಿ ಇಲ್ಲದೇ ಇದ್ದಾಗ ಈಕೆಯ ಬಿಪಿ ಎಷ್ಟಿತ್ತು ಅಂತ ಇಷ್ಟು ದಿನ ಯಾರೂ ನೋಡೇ ಇಲ್ವಾ?"

"ನೀರ್ ಬರ್ತಿತ್ತಲ್ಲ ತಾಯಿ, ಇನ್ಯಾಕೆ ನೋಡ್ಬೇಕು?" ಅಂದರು ಅಧ್ಯಕ್ಷರು.

"ಸೇತುರಾಮ್, ಬಾಗಿಲ ಹಿಂದೆ ಹೋಗಿ. ಮಾತಾಡಿ."

"ನೀವೇ ಬೇಡ ಅಂದಿರಿ..."

"ಈಗ ನಾನೇ ಬೇಡಿಕೊಳ್ತಿದೀನಿ. ಮಾತಾಡಿ!"

ಆರಿದ ಕಾಫಿಯನ್ನು ಒಂದು ಗುಟುಕು ಕುಡಿದು, ಮಾವನ ಹಾಗೆ ಕೆಮ್ಮಿದೆ. "ಇದೇನು ಕಾಫಿನೋ ಕಲಗಚ್ಚೋ?"

ಅತ್ತೆಯ ಕಣ್ಣು ತೆರೆಯಿತು. "ಬಂದ್ರಾ?" ಎಂದಳು. "ಇಷ್ಟು ಹೊತ್ತು ಎಲ್ಲಿ ಹಾಳಾಗ್ ಹೋಗಿದ್ರಿ? ಕಾಫಿ ಇಟ್ಟು ಯುಗ ಆಯ್ತು. ಆರಿದ್ದು ಕುಡಿದ್ರೆ ಕಲಗಚ್ಚೇ ಆಗಿರುತ್ತೆ!"

"ಇಳೀತಿದೆ" ಎಂದು ಮೇಡಂ ಪಿಸುಗುಟ್ಟಿದರು. "ಬೈದ ಹಾಗೆಲ್ಲ ಇಳೀತಿದೆ! ನಿಲ್ಲಿಸಬೇಡಿ."

ನಾನು ಸಾರು ತೆಗೆದೆ, ಅವಳು ತಿರುಗಿಸಿ ಕೊಟ್ಟಳು. ನಾನು ತವರು ತೆಗೆದೆ, ಅವಳು ಅವರಮ್ಮನನ್ನು ತೆಗೆದಳು. ಪಾದರಸ ಮೆಟ್ಟಿಲಿಳಿಯುವ ಮುದುಕಿಯ ಹಾಗೆ ಒಂದೊಂದೇ ಗೆರೆ ಇಳಿಯಿತು. ಆದರೂ ಸಾಲದಾಗಿತ್ತು, ಮೇಡಂ ಮುಖ ಸಡಿಲವಾಗಿರಲಿಲ್ಲ. ಬೈಗುಳದ ದಾಸ್ತಾನು ಮುಗಿಯಿತು. ಮಾವ ಬದುಕಿದ್ದಾಗ ಆಡಿದ್ದೆಲ್ಲವನ್ನೂ ನಾನು ಆಡಿಬಿಟ್ಟಿದ್ದೆ. ಏನೂ ತೋಚದೆ, ಅವರದೇ ದನಿಯಲ್ಲಿ ಅವರು ಎಂದೂ ಆಡದ್ದೊಂದು ನನ್ನ ಬಾಯಿಂದ ಬಂತು.

"ಸಾರು ಚೆನ್ನಾಗಿರ್ತಿತ್ತು ಕಣೇ, ಚೂಡಾ."

ಅತ್ತೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು, ಆಮೇಲೆ ಅದೇ ತುದಿಯಿಂದ ಕಣ್ಣು. ಮೇಡಂ ಬೆರಳೆತ್ತಿ ತೋರಿಸಿದರು. ಪಾದರಸ ಇಳಿದಿಳಿದು, ನಮ್ಮ ಮನೆತನದಲ್ಲಿ ನಾನೊಬ್ಬನೇ ಕಂಡಿದ್ದ ಅಂಕಿಯ ಮೇಲೆ ಬಂದು ನಿಂತಿತು. ಅತ್ತೆ ರೂಢಿಯಂತೆ ನಲ್ಲಿಗೆ ಕೈ ಚಾಚಿದಳು. ನಲ್ಲಿ ಆಕಳಿಸಿತು.

ಊರವರು ಹೋ ಎಂದರು. ಅಧ್ಯಕ್ಷರು ಕೆಂಪಗಾದರು. "ಏನ್ ತಾಯಿ ಇದು? ಟ್ಯಾಂಕ್‌ನಲ್ಲಿರೋದೆಲ್ಲ ಹರ್ದೋಯ್ತು! ಆಸ್ಪತ್ರೆಗೆ ಯಾರ್ ಕೊಡ್ತಾರೆ? ಇಸ್ಕೂಲಿಗ್ ಯಾರ್ ಕೊಡ್ತಾರೆ? ಮುಂದಿನ್ ಎಲೆಕ್ಷನ್‌ನಲ್ಲಿ ನಾನ್ ಏನಂತ ಮೊಕ ತೋರಿಸ್ಲಿ?" ಎಂದು ಕಿರುಚುತ್ತ ಕೈ ಬೀಸಿದರು. ಮೇಡಂ ಆ ಕೈಯನ್ನು ಗಾಳಿಯಲ್ಲೇ ಹಿಡಿದು, ತಂದು, ನಲ್ಲಿಯ ಮೇಲೆ ಇಟ್ಟರು.

ಕೊಳವೆ ಗುಡುಗಿತು. ನೀರು ಗುಡ್ಡ ಹತ್ತಿತು. ಅಧ್ಯಕ್ಷರು ಕೈ ತೆಗೆಯಲು ಹೋದರೆ ಊರವರೇ ಒತ್ತಿ ಹಿಡಿದರು. "ನನ್ ಕೈ ಬುಡ್ರೋ!" ಎಂದು ಅವರು ಕೂಗಿದಷ್ಟೂ ಧಾರೆ ದಪ್ಪವಾಯಿತು.

ಈಗ ಆ ಹುದ್ದೆ ಪುರಸಭೆಯ ಸದಸ್ಯರಿಗೆ ಸರದಿಯ ಮೇಲೆ ಬಂದಿದೆ, ಯಾರಿಗೂ ಮೂಗಿನಲ್ಲಿ ರಕ್ತ ಬರುವ ಮಟ್ಟಕ್ಕೆ ಹೋಗದಿರಲೆಂದು ಮೇಡಂ ಮಾಡಿದ ಏರ್ಪಾಡು. ಅವರನ್ನು ಕೆಣಕಲು ಬೇರೆ ಜನ ಬೇಕಿಲ್ಲ. ನಲ್ಲಿ ಹಿಡಿಯಬೇಕಾಗಿ ಬಂದದ್ದೇ ಅವರ ಸಿಟ್ಟಿಗೆ ಸಾಕು. ಮೇಡಂಗೆ ಮಾತ್ರ ಒಂದು ಹೊಸ ತಲೆನೋವು. "ಉಪ್ಪು ಅಂತ ಬರೆದರೆ ಎಲ್ಲರೂ ಒಪ್ತಾರೆ. ಕಾಯುವುದೂ ಒಂದು ಕಾರಣ ಅಂತ ಬರೆದರೆ, ಎಷ್ಟು ಗ್ರಾಂ ಅಂತ ಕೇಳ್ತಾರೆ ಸೇತುರಾಮ್" ಎಂದು ಸಿಂಕಿನ ಮುಂದೆ ನಿಂತು ಗೊಣಗುತ್ತಾರೆ. ಅಷ್ಟು ಗೊಣಗಾಟಕ್ಕೆ ಇಲಿಗಳ ಬಾಟಲಿಗಳು ತುಂಬುತ್ತವೆ.

ಅತ್ತೆ ಈಗ ನಲ್ಲಿಯ ಹತ್ತಿರ ಕೂರುವುದಿಲ್ಲ. ಆದರೂ ಬೆಳಗ್ಗೆ ಬಾಗಿಲ ಬಳಿ ಲೋಟ ಬಂದೇ ಬರುತ್ತದೆ. ಆ ಗಲಾಟೆಯ ಮಾರನೆಯ ದಿನ ನಾನು ಮಣೆಯ ಮೇಲೆ ಕೂತು, ಅವಳ ಜೀವಕ್ಕೆ ಒಳ್ಳೆಯದೆಂದು, ಮಾವನ ದನಿಯಲ್ಲಿ ಸಾರನ್ನು ಹೊಗಳಿದೆ, ಹುಳಿಯನ್ನು ಹೊಗಳಿದೆ, ಅವಳ ತವರನ್ನೂ ಹೊಗಳಿದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೊದಲ ಸಲ ಬಾಗಿಲ ಹಿಂದಕ್ಕೆ ತಲೆ ಹಾಕಿ ನನ್ನನ್ನು ನೋಡಿದಳು.

"ಅವರು ಹಾಗೆಲ್ಲ ಅನ್ನೋ ಮನುಷ್ಯ ಅಲ್ಲ ಕಣೋ, ಕಳ್ಳ" ಎಂದಳು. ನಾನು ತಲೆ ತಗ್ಗಿಸಿದೆ. ಲೋಟದಲ್ಲಿ ಉಳಿದ ಕಾಫಿಗೆ ಇನ್ನಷ್ಟು ಬಿಸಿ ಡಿಕಾಕ್ಷನ್ ಬಗ್ಗಿಸುತ್ತ ಅವಳೇ ಮುಂದುವರಿಸಿದಳು. "ನಾಳೇನೂ ಅನ್ನು. ಆದರೆ ಉಪ್ಪು ಒಂದು ಚೂರು ಕಮ್ಮಿ ಆಗಿದೆ ಅಂತ ಸೇರಿಸು. ಇಲ್ದಿದ್ರೆ ನಂಬೋದು ಕಷ್ಟ."